ಗಡಿಯಾರ ಓಡಿಸದ ಮೇಡಂ

ಮೇಡಂ ಬಗ್ಗೆ ಮಾತಾಡುವವರೆಲ್ಲ ಒಂದೇ ವಾಕ್ಯದಿಂದ ಶುರು ಮಾಡುತ್ತಾರೆ: ಅವರು ಬರೀ ಗಾಳಿಯಿಂದ ಗಡಿಯಾರ ಓಡಿಸಿದರು. ಓಡಿಸಲಿಲ್ಲ. ಇದನ್ನು ಮೊದಲೇ ಇತ್ಯರ್ಥ ಮಾಡಿಬಿಡುವುದು ಒಳ್ಳೆಯದು. ಅವರು ತೀರಿಕೊಂಡ ಮೇಲೆ ಕಾಲೇಜಿನಲ್ಲಿ ಒಂದು ಸಭೆ ನಡೆಯಿತು. ಮಾತಾಡಿದವರೆಲ್ಲ ಆ ಗಡಿಯಾರವನ್ನು ನೆನೆದರು. ಕೊನೆಯವರು ಗಡಿಯಾರವನ್ನು ಬಲ್ಬು ಮಾಡಿದರು. ಹೀಗೇ ಬಿಟ್ಟರೆ ಇನ್ನು ಸ್ವಲ್ಪ ಕಾಲಕ್ಕೆ ಒಂದು ಬೀದಿಗೇ ದೀಪ ಬಂದಿರುತ್ತದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಇಷ್ಟೇ: ಗಡಿಯಾರ ಓಡಿಸಿದರು ಎನ್ನುವುದು ಅವರ ಬಗ್ಗೆ ಆಡಬಹುದಾದ ಒಳ್ಳೆಯ ಮಾತಲ್ಲ.

ಅವರು ಕೃಷ್ಣರಾಜಪುರದ ಆಚೆ, ಹಳೇ ಮದ್ರಾಸ್ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದರು. ಕ್ಯಾಂಟೀನಿನ ಹಿಂದೆ ಎರಡು ಕೋಣೆಯ ಲ್ಯಾಬು ಅವರದು. ಅಲ್ಲಿ ಅವರು ಮಾಡಲು ಹೊರಟದ್ದು, ಗಾಳಿಯಲ್ಲಿರುವ ನೀರಿನ ಅಂಶದಿಂದ ವಿದ್ಯುತ್ತು ಪಡೆಯುವುದು. ಕೇಳಿದರೆ ಯಾರೋ ಬಾಬಾನ ವ್ಯಾಪಾರದ ಹಾಗಿದೆ, ಆದರೆ ತತ್ವ ಸರಳ. ಒಂದು ತೆಳ್ಳನೆಯ ಹಾಳೆ. ಅದರ ತುಂಬ, ಕಾಲೇಜಿನ ಮಾಮೂಲಿ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ರಂಧ್ರಗಳು. ತೇವದ ಗಾಳಿ ಮೇಲಿನಿಂದ ತಾಗುತ್ತದೆ. ನೀರಿನ ಕಣಗಳು ಮೇಲ್ಪದರಕ್ಕೆ ಹೆಚ್ಚು ಬಡಿಯುತ್ತವೆ, ಕೆಳಗಿನ ತನಕ ಇಳಿಯುವುದು ಕಡಿಮೆ. ಹೀಗಾಗಿ ಮೇಲಕ್ಕೂ ಕೆಳಕ್ಕೂ ವಿದ್ಯುದಂಶದಲ್ಲಿ ವ್ಯತ್ಯಾಸ ಹುಟ್ಟುತ್ತದೆ. ಎರಡೂ ಬದಿಗೆ ತಂತಿ ಕೊಟ್ಟರೆ ಆ ವ್ಯತ್ಯಾಸ ಕರೆಂಟಾಗಿ ಹರಿಯಬೇಕು. ಬಿಸಿಲು ಬೇಡ, ಗಾಳಿ ಬೀಸಲೂ ಬೇಕಿಲ್ಲ, ಸುಮ್ಮನೆ ಇದ್ದರೆ ಸಾಕು. ಆದರೆ ನಿಜವಾಗಿ ಹರಿಯುತ್ತದೆಯೇ, ಅದು ಗಾಳಿಯದೇ ಕೆಲಸವೇ, ಅಥವಾ ನಾವು ಬೇರೆ ಯಾವುದನ್ನೋ ಅಳೆದು ಗಾಳಿಯ ಹೆಸರು ಹೇಳುತ್ತಿದ್ದೇವೆಯೇ? ಮೇಡಂ ಸರ್ವೀಸಿನ ಕೊನೆಯ ವರ್ಷಗಳು ಈ ಒಂದು ಪ್ರಶ್ನೆಗೆ ಹೋದವು.

ಯಾಕೆ ಇದನ್ನೇ ಹಿಡಿದಿರಿ ಎಂದು ಒಮ್ಮೆ ಕೇಳಿದ್ದೆ. ಹಳ್ಳಿಗಳಿಗೆ ಬೆಳಕು, ಭೂಮಿಯ ಬಿಸಿ, ಇಂಥದ್ದೇನೋ ಹೇಳುತ್ತಾರೆ ಎಂದುಕೊಂಡು, ಅದಕ್ಕೆ ಏನು ಮರುತ್ತರ ಕೊಡಬೇಕೆಂದೂ ಯೋಚಿಸಿಟ್ಟುಕೊಂಡಿದ್ದೆ. ಅವರು, "ಗಾಳಿ ಎಲ್ಲಾ ಕಡೆ ಸುಮ್ನೆ ಕೂತಿದೆ. ಯಾರಾದ್ರೂ ಸುಮ್ನೆ ಕೂತಿದ್ರೆ ನಂಗೆ ನೋಡಕ್ಕಾಗಲ್ಲ" ಅಂದರು. ನಾನು ಯೋಚಿಸಿಟ್ಟದ್ದೆಲ್ಲ ದಂಡವಾಯಿತು.

ನಾನು ಎಂ.ಎಸ್ಸಿ. ಮುಗಿಸಿ ಅವರ ಪ್ರಾಜೆಕ್ಟಿನಲ್ಲಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಬಯೋಡೇಟಾದಲ್ಲಿ ಅಂಕಗಳಿಗಿಂತ ಚರ್ಚಾಸ್ಪರ್ಧೆಯ ಬಹುಮಾನಗಳೇ ಹೆಚ್ಚು ಜಾಗ ಹಿಡಿದಿದ್ದವು. ಮೇಡಂ ಅದನ್ನು ಕನ್ನಡಕ ಮೇಲೆತ್ತಿ ಓದಿದರು.

"ಇಷ್ಟೊಂದು ಡಿಬೇಟ್ ಮಾಡಿದೀಯ. ಪರವಾಗಾ, ವಿರೋಧವಾಗಾ?"

"ಎರಡೂ ಮೇಡಂ. ಟಾಸ್ ಹಾಕ್ತಾರೆ. ಯಾವ ಕಡೆ ಬಂದ್ರೂ ಗೆಲ್ತೀನಿ."

"ಯಾವ ಕಡೆ ಬಂದ್ರೂ ಗೆಲ್ಲೋದು ಕಾಯಿಲೆ ಕಣಮ್ಮ," ಅಂದರು. "ಇರ್ಲಿ. ಇದಕ್ಕೆ ಉಸಿರು ಬಿಡು."

ಮೇಜಿನ ಮೇಲೆ ಅಂಚೆಚೀಟಿಯಷ್ಟು ದೊಡ್ಡ ಹಾಳೆ ಇತ್ತು, ಕಂದು ಬಣ್ಣದ್ದು, ಒಣಗಿದ ಹಪ್ಪಳದ ಚೂರಿನಂತೆ. ಅದರಿಂದ ಎರಡು ತಂತಿ ಮೀಟರಿಗೆ ಹೋಗಿದ್ದವು. ಉಸಿರು ಬಿಟ್ಟೆ. ಮೀಟರಿನ ಅಂಕಿ ಏರಿತು.

"ಏನನ್ಸುತ್ತೆ?"

"ಬೆಂಗಳೂರಲ್ಲಿ ಯಾಕೆ ಮಾಡ್ತಿದೀರಿ ಅನ್ಸುತ್ತೆ. ಮಾರ್ಚ್‌ನಲ್ಲಿ ಇಲ್ಲಿ ತುಟಿ ಒಡೆಯುತ್ತೆ, ಗಾಳೀಲಿ ತೇವಾನೇ ಇರಲ್ಲ. ಇದನ್ನ ಮಂಗಳೂರಲ್ಲಿ ಮಾಡ್ಬೇಕು."

"ಮಂಗಳೂರಲ್ಲಿ ಎಲ್ಲಾರೂ ಪಾಸಾಗ್ತಾರೆ. ಇಲ್ಲಿ ಮಾರ್ಚ್‌ನಲ್ಲಿ ಬಂದ್ರೆ, ಬಂತು ಅಂತ."

"ಬರ್ದಿದ್ರೆ?"

"ಬರ್ಲಿಲ್ಲ ಅಂತ. ಸೋಮವಾರದಿಂದ ಬಾ."

ಅಂದಿನಿಂದ ನನ್ನ ಹೆಸರು ಲಾಯರ್ ಆಯಿತು. ನಮ್ಮ ಮನೆಯವರು ಗದಗದ ಕಡೆಯವರು, ಕೆಲಸಕ್ಕಾಗಿ ಬಂದು ಬಾಣಸವಾಡಿಯಲ್ಲಿ ನೆಲೆ ನಿಂತವರು. ನನ್ನ ಅವ್ವ "ಗಾಳಿಯಿಂದ ಕರೆಂಟ್ ತಗಿಯೋ ಕಾಲೇಜ್ ಬಾಯಾರ ಕಡಿ ಹೊಂಟಾಳ, ಇಬ್ಬರದೂ ಛಲೋ ಜೋಡಿ" ಅಂತ ಸಂಬಂಧಿಕರಿಗೆಲ್ಲ ಫೋನಿನಲ್ಲಿ ಹೇಳಿದಳು.

ಮೇಡಂ ಗಿಡ್ಡ ಆಳು. ಗಂಜಿ ಹಾಕಿದ ಕಾಟನ್ ಸೀರೆ, ಅದರ ಕೆಳಗೆ ಓಡುವವರು ಹಾಕುವಂಥ ಬೂಟು. ಉಗುರಿನ ಸಂದಿಯಲ್ಲಿ ಸದಾ ಕಾರ್ಬನ್ ಪೇಸ್ಟಿನ ಕಪ್ಪು. ಮದುವೆ ಮನೆಗೆ ಹೋದರೆ ಕೈ ಹೊರಗೆ ತೆಗೆಯುವುದಿಲ್ಲ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಮನೆ ಪುಲಿಕೇಶಿನಗರದಲ್ಲಿ, ಮಸೀದಿ ರಸ್ತೆಯ ಗದ್ದಲದಿಂದ ಎರಡು ತಿರುವು ಒಳಗೆ. ಹುಟ್ಟಿ ಬೆಳೆದದ್ದು ಹಲಸೂರಿನ ತಮಿಳು ಕ್ರಿಶ್ಚಿಯನ್ ಮನೆಯಲ್ಲಿ. ಅಳತೆ ಮಾಡುವಾಗ ಬಾಯಲ್ಲೇ ತಮಿಳಿನಲ್ಲಿ ಎಣಿಸುತ್ತಿದ್ದರು, ಆಟೋದವರ ಹತ್ತಿರ ದಖನಿ ಉರ್ದು, ಕ್ಲಾಸಿನಲ್ಲಿ ಇಂಗ್ಲಿಷು. ಜಗಳ ಮಾತ್ರ ಕನ್ನಡದಲ್ಲಿ. ಕಾರಣ ಕೇಳಿದ್ದಕ್ಕೆ, "ಇಂಗ್ಲಿಷಲ್ಲಿ ಜಗಳ ಆಡಿದ್ರೆ ಆಮೇಲೆ ಒಟ್ಟಿಗೆ ಊಟ ಮಾಡಕ್ಕಾಗಲ್ಲ" ಅಂದರು. ಇದನ್ನು ನಾನು ಪರೀಕ್ಷೆ ಮಾಡಿ ನೋಡಿದ್ದೇನೆ, ಬಹುಮಟ್ಟಿಗೆ ನಿಜ.

ಅವರ ಹಾಳೆ ಬಾಳೆದಿಂಡಿನದು. ಕೃಷ್ಣರಾಜಪುರದ ಸಂತೆ ಮುಗಿದ ಮೇಲೆ ಬಿಸಾಡಿದ ಬಾಳೆದಿಂಡುಗಳನ್ನು ತರುತ್ತಿದ್ದೆವು. ಕತ್ತರಿಸಿ, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಅರೆದು ಅರೆದು, ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ನಾರು ತೆಗೆದು, ಅದನ್ನು ಹಾಳೆಯಾಗಿ ಒಣಗಿಸುವುದು. ನಡುವೆ ಒಂದು ಬೇಸರದ ಕೆಲಸವಿತ್ತು: ತೊಳೆಯುವುದು. ಸೋಡಾದ ಉಪ್ಪು ನಾರಿನಲ್ಲಿ ಉಳಿಯಬಾರದು, ಅದಕ್ಕೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯುತ್ತಲೇ ಇರಬೇಕು. ಆ ಕೆಲಸ ಇಮ್ರಾನನದು. ಇಮ್ರಾನ್ ಶಿವಾಜಿನಗರದವನು, ಮೇಡಂ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ. "ನಮ್ಮಮ್ಮಿ ಅಕ್ಕಿ ತೊಳೆದಿದ್ದಕ್ಕಿಂತ ಜಾಸ್ತಿ ನಾನಿದನ್ನ ತೊಳ್ದಿದೀನಿ ಗುರು" ಅನ್ನುತ್ತಿದ್ದ.

ಆ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು, ನಾನು ಬೇರೆಲ್ಲೂ ಕಾಣದ್ದು. ಪ್ರತಿ ಗುರುವಾರ ಮಧ್ಯಾಹ್ನ ವಾರದ ಫಲಿತಾಂಶ ಮೇಜಿನ ಮೇಲೆ ಬರುತ್ತಿತ್ತು. ಯಾರಾದರೊಬ್ಬರು ಅದರ ವಿರುದ್ಧ ಕೂರಬೇಕು. ಕೂತವರಿಗೆ ಮೂರು ಕಟ್ಟಳೆ. ಮೊದಲು ಎದುರಿನವರ ಮಾತನ್ನು ಅವರೇ ತಲೆಯಾಡಿಸುವ ಹಾಗೆ ಹೇಳಬೇಕು. ನನಗೆ ಹೀಗನ್ನಿಸುತ್ತದೆ ಎನ್ನಬಾರದು. ಮತ್ತೆ, ಯಾವ ಪರೀಕ್ಷೆಯಲ್ಲಿ ಯಾವ ಉತ್ತರ ಬಂದರೆ ನಾನು ಸೋತೆ ಎಂದು ಮುಂಚೆಯೇ ಹೇಳಿಡಬೇಕು. ಮಸೀದಿ ರಸ್ತೆಯಿಂದ ಮೇಡಂ ತರುತ್ತಿದ್ದ ಸಮೋಸದ ಪೊಟ್ಟಣ ವಿರೋಧದವರ ಮುಂದೆ ಇರುತ್ತಿತ್ತು. ಅವರು ತಿನ್ನಬಹುದು. ಉಳಿದವರು ಪ್ರಶ್ನೆ ಮುಗಿಯುವ ತನಕ ಮುಟ್ಟುವ ಹಾಗಿಲ್ಲ.

ಚರ್ಚಾಸ್ಪರ್ಧೆಯಲ್ಲಿ ನಮ್ಮನ್ನು ಕಾಪಾಡುವುದು ಗಂಟೆ. ಸಮಯ ಮುಗಿದಾಗ ಬಾರಿಸುತ್ತಾರೆ. ಅಷ್ಟು ಹೊತ್ತು ತಪ್ಪಿಸಿಕೊಂಡರೆ ಗೆದ್ದಂತೆ. ಇಲ್ಲಿ ಗಂಟೆ ಇರಲಿಲ್ಲ. ಮೂರನೆಯ ಕಟ್ಟಳೆ ನನಗೆ ಮೊದಮೊದಲು ಅನ್ಯಾಯವೆನಿಸುತ್ತಿತ್ತು. ಸೋಲುವ ಷರತ್ತನ್ನು ಸೋಲುವವರೇ ಬರೆದುಕೊಡಬೇಕೆಂದರೆ ಯಾವ ಊರಿನ ನ್ಯಾಯ? ಅದನ್ನೇ ಹೇಳಿದೆ. ಮೇಡಂ, "ಹಾಗಾದ್ರೆ ನೀನು ಕೇಳ್ತಿರೋದು ಪ್ರಶ್ನೆ ಅಲ್ಲ, ಕಾಲು ಕೆರೆಯೋದು" ಅಂದರು. ಇಮ್ರಾನ್ ಸಮೋಸದ ಕಡೆ ನೋಡುತ್ತ, "ಬೇಗ ಸೋಲೇ ಲಾಯರ್, ಆರ್ತಾ ಇದೆ" ಅಂದ.

ಇನ್ನು ಗಡಿಯಾರದ ವಿಷಯ. ಒಂದು ಬೇಸಿಗೆಯಲ್ಲಿ ಇಮ್ರಾನ್ ಮಾಡಿದ ಹಾಳೆಗಳು ಇದ್ದಕ್ಕಿದ್ದಂತೆ ಹಿಂದಿನ ಎಲ್ಲವನ್ನೂ ಮೀರಿಸಿದವು. ಅವನ್ನು ಸಾಲಾಗಿ ಜೋಡಿಸಿದಾಗ ಅಂಗೈಯಷ್ಟು ದೊಡ್ಡ ಡಿಜಿಟಲ್ ಗಡಿಯಾರ, ಒಳಗೆ ಸೆಲ್ಲೇ ಇಲ್ಲದೆ, ಅಂಕಿ ತೋರಿಸಿತು. ಕಾಲೇಜಿನವರೆಲ್ಲ ಬಂದು ನೋಡಿದರು. ಪ್ರಿನ್ಸಿಪಾಲರು ಫೋಟೋ ತೆಗೆಸಿಕೊಂಡರು. ಇಂದಿರಾನಗರದಲ್ಲಿ ಆಫೀಸಿದ್ದ ಒಂದು ಕಂಪನಿಯವರಿಗೆ ಸುದ್ದಿ ಮುಟ್ಟಿ, ಅವರು ಬಂದು ನೋಡುತ್ತೇವೆ ಎಂದರು. ಮೇಡಂ ನಿವೃತ್ತಿ ಹತ್ತಿರ ಬಂದಿತ್ತು. ಪ್ರಿನ್ಸಿಪಾಲರು ಸ್ಪಷ್ಟವಾಗಿಯೇ ಹೇಳಿದ್ದರು: ಕಂಪನಿ ಕೈಜೋಡಿಸಿದರೆ ಮೇಡಂ ನಿವೃತ್ತಿಯ ಮೇಲೂ ಲ್ಯಾಬು ನಡೆಸಬಹುದು, ಇಲ್ಲವಾದರೆ ಆ ಎರಡು ಕೋಣೆ ಬೇರೆ ಕೆಲಸಕ್ಕೆ ಬೇಕು. ಮೇಡಂಗೆ ಮಕ್ಕಳಿಲ್ಲ, ಚರ್ಚಿನ ಸಂಘ ಸಂಸ್ಥೆಗಳಿಲ್ಲ, ಟಿವಿ ನೋಡುವ ಅಭ್ಯಾಸವಿಲ್ಲ. ಆ ಕೋಣೆಗಳು ಹೋದರೆ ಅವರ ಪ್ರಶ್ನೆ ಹೋಗುತ್ತದೆ ಎನ್ನುವುದು ನಮಗೆಲ್ಲ ಗೊತ್ತಿತ್ತು.

ಕಂಪನಿಯವರು ಸೋಮವಾರ ಬರುವವರಿದ್ದರು. ಅದರ ಹಿಂದಿನ ಗುರುವಾರ ವಿರೋಧಕ್ಕೆ ಕೂತವಳು ನಾನು. ಮೊದಲ ಕಟ್ಟಳೆಯಂತೆ ಇಮ್ರಾನನ ಮಾತನ್ನು ಹೇಳಿ, ಅವನ ಕೈಲಿ ತಲೆಯಾಡಿಸಿಕೊಂಡು, ಕೇಳಿದೆ: "ಚೆನ್ನಾಗಿರೋ ಹಾಳೆಗಳೆಲ್ಲ ಯಾಕೆ ಒಂದೇ ವಾರದಲ್ಲಿ ಹುಟ್ಟಿವೆ? ಅದಕ್ಕೆ ಮುಂಚಿನದೂ ಅಷ್ಟಕ್ಕಷ್ಟೆ, ಆಮೇಲಿನದೂ ಅಷ್ಟಕ್ಕಷ್ಟೆ."

"ಕೈ ಕೂಡಿ ಬಂತು," ಅಂದ ಇಮ್ರಾನ್.

"ಕೈ ಕೂಡಿ ಬರೋದು ಬಿರಿಯಾನಿಗೆ. ಆ ವಾರ ಏನು ಬೇರೆ ಇತ್ತು ಹೇಳು."

"ಏನೂ ಇಲ್ಲಮ್ಮಾ. ಅದೇ ದಿಂಡು, ಅದೇ ಸೋಡಾ, ಅದೇ ನಾನು."

ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. "ನೀರು," ಅಂದರು.

ಬೋರ್‌ವೆಲ್ ಬತ್ತಿ ಕಾಲೇಜಿಗೆ ಟ್ಯಾಂಕರ್ ಬರುತ್ತಿದ್ದ ವಾರ ಅದು. ಬಕೆಟ್ಟಿಗೂ ಲೆಕ್ಕ. ಡಿಸ್ಟಿಲ್ಡ್ ವಾಟರ್ ಮಾಡುವ ಯಂತ್ರವನ್ನು ನಿಲ್ಲಿಸಲಾಗಿತ್ತು, ಇದ್ದಷ್ಟು ನೀರಿನಲ್ಲಿ ಇಮ್ರಾನ್ ತೊಳೆದಿದ್ದ. ನೀರಿಲ್ಲದ ವಾರ ಎಲ್ಲರೂ ಹಾಗೇ ತಾನೆ ತೊಳೆಯುವುದು, ಅನ್ನದ ತಟ್ಟೆಯನ್ನೂ. ಅಂದರೆ ಹಾಳೆಯಲ್ಲಿ ಸೋಡಾದ ಉಪ್ಪು ಉಳಿದಿತ್ತು. ಹಾಳೆಯ ಒಂದು ಬದಿಗೆ ನಾವು ಬೆಳ್ಳಿಯ ಲೇಪ ಹಚ್ಚುತ್ತಿದ್ದೆವು, ಇನ್ನೊಂದು ಬದಿಗೆ ಅಲ್ಯೂಮಿನಿಯಂ ಹಾಳೆ. ಎರಡು ಬೇರೆ ಲೋಹ, ನಡುವೆ ಒದ್ದೆ ಉಪ್ಪು. ಹೈಸ್ಕೂಲಿನಲ್ಲಿ ನಿಂಬೆಹಣ್ಣಿಗೆ ತಾಮ್ರದ ತಂತಿ, ಸತುವಿನ ಮೊಳೆ ಚುಚ್ಚಿ ಬಲ್ಬು ಹಚ್ಚಲು ನೋಡುತ್ತೇವಲ್ಲ, ಅದೇ ಇದು. ಗಾಳಿಯ ತೇವ ಇಲ್ಲಿ ಉಪ್ಪನ್ನು ನೆನೆಸುತ್ತಿತ್ತು, ಅಷ್ಟೇ. ಕರೆಂಟು ಬರುತ್ತಿದ್ದದ್ದು ಅಲ್ಯೂಮಿನಿಯಂ ಸವೆಯುವುದರಿಂದ.

"ಪರೀಕ್ಷೆ ಹೇಳು ಲಾಯರ್," ಅಂದರು ಮೇಡಂ.

"ಚೆನ್ನಾಗಿ ತೊಳ್ದಿರೋ ಹಾಳೆ ತಗೊಳ್ಳೋದು. ಎರಡೂ ಕಡೆ ಕಾರ್ಬನ್ನೇ ಹಚ್ಚೋದು, ಲೋಹಾನೇ ಬೇಡ. ಆಗ್ಲೂ ಗಡಿಯಾರ ಓಡಿದ್ರೆ ನಾನು ಸೋತೆ."

"ಓಡ್ದೆ, ಸ್ವಲ್ಪ ಏನಾದ್ರೂ ಉಳಿದ್ರೆ?"

ಇದನ್ನು ನಾನು ಯೋಚಿಸಿರಲಿಲ್ಲ. ನನ್ನ ಅಭ್ಯಾಸದಲ್ಲಿ ಗೆಲುವು, ಸೋಲು, ಎರಡೇ. "ಉಳಿದ್ರೆ… ಅಷ್ಟಕ್ಕೆ ಮಾತ್ರ ಸೋತೆ," ಅಂದೆ. ಮೇಡಂ ಪೊಟ್ಟಣವನ್ನು ಇಮ್ರಾನನ ಕಡೆ ತಳ್ಳಿದರು. ಅವನು ಮುಟ್ಟಲಿಲ್ಲ.

ಶನಿವಾರ ಸಂಜೆಗೆ ಉತ್ತರ ಬಂತು. ಗಡಿಯಾರದಲ್ಲಿ ಅಂಕಿಯೇ ಮೂಡಲಿಲ್ಲ. ಮೀಟರಿನ ಅಂಕಿ ಪಾತಾಳಕ್ಕೆ ಇಳಿದಿತ್ತು, ಆದರೆ ಸೊನ್ನೆಗೆ ಮುಟ್ಟಿರಲಿಲ್ಲ. ಹಾಳೆಯನ್ನು ಒಣಗಾಳಿಯ ಡಬ್ಬದಲ್ಲಿಟ್ಟರೆ ಆ ಚೂರೂ ಹೋಗುತ್ತಿತ್ತು, ತೇವದ ಗಾಳಿ ಬಿಟ್ಟರೆ ನಿಧಾನಕ್ಕೆ ಬರುತ್ತಿತ್ತು. ಮೇಡಂ ಅದನ್ನೇ ಬಹಳ ಹೊತ್ತು ನೋಡಿದರು. ಇಮ್ರಾನನ ಕಣ್ಣು ಬೇರೆ ಕಡೆ ಇತ್ತು.

"ಮೇಡಂ, ಸೋಮವಾರ ಒಂದು ಆಗ್ಲಿ," ಅಂದ. "ಹಳೇ ಹಾಳೆಗಳು ಇನ್ನೂ ಇವೆ. ಅವರು ನೋಡ್ಕೊಂಡ್ ಹೋಗ್ಲಿ. ಲ್ಯಾಬ್ ಉಳಿದ್ರೆ ತಾನೆ ಮುಂದೆ ಸರಿ ಮಾಡೋದು?"

ಅವನ ಮಾತಿನಲ್ಲಿ ತಿರುಳಿಲ್ಲ ಎಂದು ಹೇಳಲಾರೆ. ನನಗೆ ಅದಕ್ಕಿಂತ ಅಚ್ಚುಕಟ್ಟಾದದ್ದೇ ಹೊಳೆಯಿತು. "ಗಾಳಿಯಿಂದ ಕರೆಂಟು ಅನ್ನೋದು ಬೇಡ ಮೇಡಂ. ಗಾಳಿಯ ತೇವ ಇದ್ದರೆ ಮಾತ್ರ ಕೆಲಸ ಮಾಡೋ ಸಾಧನ ಅನ್ನೋಣ. ಒಂದಕ್ಷರ ಸುಳ್ಳಿಲ್ಲ. ಯಾರು ಬೇಕಾದ್ರೂ ಪಾಟೀಸವಾಲು ಹಾಕ್ಲಿ, ನಿಲ್ಲುತ್ತೆ."

ಮೇಡಂ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. "ನಿಲ್ಲುತ್ತೆ," ಅಂದರು. "ನಿನ್ನ ವಾಕ್ಯದಲ್ಲಿ ಸುಳ್ಳಿಲ್ಲ. ಕೇಳಿದವರು ಮನೆಗೆ ಹೋಗಿ ಹೆಂಡತಿಗೆ ಏನ್ ಹೇಳ್ತಾರೆ?"

"ಗಾಳಿಯಿಂದ ಗಡಿಯಾರ ಓಡ್ಸಿದ್ರು ಅಂತ."

"ಅಷ್ಟೇ ನೋಡು."

ವಾಕ್ಯದ ಮಟ್ಟಿಗೆ ಅದು ಸರಿಯಾಗಿಯೇ ಇತ್ತು ಎಂದು ನಾನು ಇವತ್ತೂ ವಾದಿಸಬಲ್ಲೆ. ಮೇಡಂ ವಾದವನ್ನು ವಾಕ್ಯದಲ್ಲಿ ಹುಡುಕುತ್ತಿರಲಿಲ್ಲ, ಅದು ಹೋಗಿ ಕೂರುವ ತಲೆಯಲ್ಲಿ ಹುಡುಕುತ್ತಿದ್ದರು. ಈ ವ್ಯತ್ಯಾಸವನ್ನು ಯಾವ ಚರ್ಚಾಸ್ಪರ್ಧೆಯ ತೀರ್ಪುಗಾರರೂ ನನಗೆ ಹೇಳಿಕೊಟ್ಟಿರಲಿಲ್ಲ.

ಸೋಮವಾರ ಕಂಪನಿಯಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದರು, ಇಬ್ಬರೂ ಚುರುಕಾದವರು. ಪ್ರಿನ್ಸಿಪಾಲರು ಹೊಸ ಟೈ ಹಾಕಿದ್ದರು. ಮೇಜಿನ ಮೇಲೆ ಸತ್ತ ಗಡಿಯಾರವಿತ್ತು, ಪಕ್ಕದಲ್ಲಿ ಓಡುವ ಗಡಿಯಾರ. ಮೇಡಂ ಓಡುವುದನ್ನು ತೋರಿಸಿ, "ಇದನ್ನ ನೋಡಕ್ಕೆ ಬಂದಿದೀರಿ. ಇದು ಬ್ಯಾಟರಿ, ನಾವು ಗೊತ್ತಿಲ್ದೆ ಮಾಡಿದ್ದು" ಅಂದರು. ಆಮೇಲೆ ಸತ್ತದ್ದನ್ನು ಪಕ್ಕಕ್ಕಿಟ್ಟು ಮೀಟರ್ ತೋರಿಸಿದರು. "ಇದು ಗಾಳಿಯದು ಅಂತ ನನ್ನ ಅಂದಾಜು. ಇಷ್ಟೇ ಇದೆ."

ಆ ಹೆಂಗಸು ಮೀಟರಿಗೆ ಬಗ್ಗಿ ನೋಡಿದರು. "ಇದ್ರಲ್ಲಿ ಏನು ರನ್ ಮಾಡ್ಬೋದು ಮೇಡಂ?"

"ಏನೂ ಇಲ್ಲ."

"ಮುಂದೆ?"

"ಗೊತ್ತಿಲ್ಲ. ಗೊತ್ತು ಮಾಡ್ಕೊಳೋಕೆ ರೂಮ್ ಬೇಕು."

ಅವರು ಒಳ್ಳೆಯವರೇ. ಕಾಫಿ ಕುಡಿದರು, ನಿಮ್ಮ ಪ್ರಾಮಾಣಿಕತೆ ದೊಡ್ಡದು ಎಂದರು, ಹೋದರು, ಮತ್ತೆ ಬರಲಿಲ್ಲ. ಗೇಟಿನ ತನಕ ಬಿಟ್ಟು ಬಂದ ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು, "ಹೋದ ವಾರದ್ದನ್ನೇ ತೋರಿಸ್ಬೋದಿತ್ತಲ್ಲ ಮೇಡಂ?" ಅಂದರು.

"ಹೋದ ವಾರದ್ದು ಬ್ಯಾಟರಿ ಸಾರ್. ಬ್ಯಾಟರಿ ಶಿವಾಜಿನಗರದಲ್ಲಿ ಸಿಗುತ್ತೆ, ಚೌಕಾಸಿ ಮಾಡಿದ್ರೆ ಇನ್ನೂ ಕಮ್ಮಿಗೆ."

ಇಮ್ರಾನ್ ಆ ದಿನ ನನ್ನ ಜೊತೆ ಬಸ್ ಸ್ಟಾಪಿನ ತನಕ ಬಂದ. ಕೃಷ್ಣರಾಜಪುರದ ತೂಗುಸೇತುವೆಯ ಕೆಳಗೆ ಗಾಡಿಗಳು ಅಲುಗಾಡದೆ ನಿಂತಿದ್ದವು. "ನನ್ನ ಥೀಸಿಸ್ಸಿಗೆ ಬೆಂಕಿ ಇಟ್ಯಲ್ಲೇ," ಅಂದ. ನಾನು "ನೀರು ಹಾಕಿದ್ದು ಕಣೋ, ಬೆಂಕಿ ಅಲ್ಲ" ಅಂದೆ. ಅವನಿಗೆ ನಗು ಬರಲಿಲ್ಲ. ಮಾರನೆಯ ವಾರ ಮೇಡಂ ಅವನನ್ನು ಕರೆದು, ತೊಳೆಯದ ಹಾಳೆ ಹೇಗೆ ಜನರಿಗೆ ಮೋಸ ಮಾಡುತ್ತದೆ ಎನ್ನುವುದನ್ನೇ ಥೀಸಿಸ್ಸಿನ ಅರ್ಧ ಮಾಡಿಸಿದರು. ಇದೇ ಗುಂಡಿಗೆ ಬಿದ್ದವರು ಬೇರೆ ಕಡೆಯೂ ಇದ್ದರು ಎಂದು ಆಮೇಲೆ ತಿಳಿಯಿತು. ಇಮ್ರಾನನಿಗೆ ಡಿಗ್ರಿ ಬಂತು. ಈಗ ನೀರಿನ ಗುಣಮಟ್ಟ ನೋಡುವ ಕೆಲಸದಲ್ಲಿದ್ದಾನೆ. ಅದನ್ನು ಹೇಳುವಾಗ ಮಾತ್ರ ನಗುತ್ತಾನೆ.

ಉಳಿದ ತಿಂಗಳುಗಳನ್ನು ಮೇಡಂ ಆ ಉಳಿದ ಚೂರಿನ ಹಿಂದೆ ಕಳೆದರು. ದೊಡ್ಡದು ಮಾಡಲು ನೋಡಲಿಲ್ಲ, ಕೊಲ್ಲಲು ನೋಡಿದರು. ಪೇಸ್ಟು ಬದಲಾಯಿಸಿದರು, ತಂತಿ ಬದಲಾಯಿಸಿದರು, ಹಾಳೆಯನ್ನು ತಲೆಕೆಳಗು ಮಾಡಿದರು. ಗುರುವಾರಗಳಲ್ಲಿ ನನಗೆ ಪ್ರಶ್ನೆಗಳು ತೀರುತ್ತಾ ಬಂದವು. ಒಂದು ವಾರ "ನನ್ನ ಹತ್ರ ಏನೂ ಇಲ್ಲ ಮೇಡಂ" ಅಂದಾಗ ಅವರಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. "ಏನೂ ಇಲ್ಲ ಅನ್ನೋದು ನಿನ್ನ ಬಗ್ಗೆ ಹೇಳುತ್ತೆ, ಹಾಳೆ ಬಗ್ಗೆ ಅಲ್ಲ. ಓದ್ಕೊಂಡು ಬಾ" ಎಂದು ಕಳಿಸಿದರು.

ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅದೇ ವಾರ ಕೋಣೆಗಳಿಗೆ ಸುಣ್ಣ ಬಳಿದು, ಕ್ಯಾಂಪಸ್ ಇಂಟರ್‌ವ್ಯೂಗೆ ಬರುವ ಕಂಪನಿಯವರು ಕೂರಲು ಸೋಫಾ ಹಾಕಿದರು. ಮೇಡಂ ಒಂದು ಹಾಳೆ, ಒಂದು ಮೀಟರು ತೆಗೆದುಕೊಂಡು ಮನೆಗೆ ಹೋದರು. ಬೆಂಗಳೂರಿನಲ್ಲಿ ಎಲ್ಲಕ್ಕಿಂತ ತೇವದ ಜಾಗ ನಮ್ಮನೆ ಬಚ್ಚಲು ಎಂದು ಅದನ್ನು ಅಲ್ಲಿ, ಗೀಸರಿನ ಪಕ್ಕದ ಕಲ್ಲಿನ ಮೇಲೆ ಇಟ್ಟರು. ಆಗಾಗ ಹೋಗುತ್ತಿದ್ದೆ. ಒಂದು ಸಲ ಹಾಲಿನಲ್ಲಿ ಕೂತಿದ್ದಾಗ ಬಚ್ಚಲಿನಿಂದ ಅವರು ಗಂಡನನ್ನು ಗದರುವುದು ಕೇಳಿಸಿತು: "ನೀವು ತಣ್ಣೀರಲ್ಲಿ ಸ್ನಾನ ಮಾಡಿದ್ರೆ ನನ್ ಡೇಟಾ ಹಾಳಾಗುತ್ತೆ ರೀ." ಅವರ ಗಂಡ ವಿಮಾ ಕಚೇರಿಯಿಂದ ನಿವೃತ್ತರಾದವರು. ನಾನು ಅಂಕಲ್ ಅನ್ನುತ್ತೇನೆ. ಅವರು ವಿಧೇಯರಾಗಿ ಬಿಸಿನೀರಿನಲ್ಲಿ ಸ್ನಾನ ಮಾಡುತ್ತಿದ್ದರು, ಏಪ್ರಿಲ್ಲಿನಲ್ಲೂ.

ಮೇಡಂ ಹೋದದ್ದು ಸಣ್ಣ ಕಾಯಿಲೆಯಲ್ಲಿ, ಬೇಗ. ನಾನು ಆಗ ವಸ್ತುಗಳ ಗುಣಮಟ್ಟ ಪರೀಕ್ಷಿಸುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಕಾಲೇಜಿನ ಸಭೆ ಮುಗಿದ ಸ್ವಲ್ಪ ದಿನಕ್ಕೆ ಅಂಕಲ್ ಫೋನ್ ಮಾಡಿದರು.

"ಬಿಡುವಿದ್ರೆ ಬಾಮ್ಮ. ಅವಳದು ಏರ್ತಾ ಇದೆ."

"ಏನು ಅಂಕಲ್?"

"ಅದೇ, ಬಚ್ಚಲಲ್ಲಿರೋದು. ದಿನಾ ಸ್ನಾನ ಆದ್ಮೇಲೆ ನೋಡ್ತೀನಿ. ಅವಳಿದ್ದಾಗ ಇಷ್ಟು ಇರ್ಲಿಲ್ಲ. ಈಗ ಮೇಲೇ ಇದೆ. ಅವರೆಲ್ಲ ಸಭೇಲಿ ಹೇಳಿದ್ರಲ್ಲ, ನಿಜಾನೇ ಇರ್ಬೇಕು."

ಭಾನುವಾರ ಹೋದೆ. ಮನೆ ಅಚ್ಚುಕಟ್ಟಾಗಿಯೇ ಇತ್ತು. ಅಂಕಲ್ ನನಗೋಸ್ಕರ ಮತ್ತೊಮ್ಮೆ ಬಿಸಿನೀರು ಬಿಟ್ಟು ಬಚ್ಚಲಿನಲ್ಲಿ ಹಬೆ ಎಬ್ಬಿಸಿ, ಬಾಗಿಲು ತೆರೆದರು. ಮೀಟರಿನ ಅಂಕಿ ನೋಡಿದೆ. ಏರಿತ್ತು, ನಾನು ಲ್ಯಾಬಿನಲ್ಲಿ ಕಂಡದ್ದಕ್ಕಿಂತ ಬಹಳ ಮೇಲೆ. ಯಾವುದೂ ಪುಕ್ಕಟೆ ಏರುವುದಿಲ್ಲ ಎನ್ನುವುದು ನನ್ನ ಹುಟ್ಟುಗುಣ, ಅದು ಬಚ್ಚಲಿನ ಬಾಗಿಲಲ್ಲೂ ಬಿಡಲಿಲ್ಲ. ಬಗ್ಗಿ ನೋಡಿದೆ. ಹಾಳೆಯನ್ನು ಹಿಡಿದಿದ್ದ ಎರಡು ಕ್ಲಿಪ್ಪುಗಳಲ್ಲಿ ಒಂದು ಬೂದು, ಒಂದು ಹಳದಿ. ಹಳದಿಯದರ ಹಲ್ಲಿಗೆ ಹಸಿರು ಕಿಲುಬು ಹಿಡಿದಿತ್ತು.

"ಈ ಕ್ಲಿಪ್ ಯಾವಾಗಿಂದು ಅಂಕಲ್?"

"ಹಳೇದು ಮುರಿದೋಯ್ತು. ಅವಳು ಹೋಗಿ ಒಂದು ವಾರಕ್ಕೋ ಏನೋ. ಬಿಟ್ರೆ ನಿಂತೋಗುತ್ತೆ ಅಂತ ಇಲ್ಲೇ ಎಲೆಕ್ಟ್ರಿಕಲ್ ಅಂಗಡೀಲಿ ತಂದು ಹಾಕ್ದೆ. ಅವನು ಒಳ್ಳೇದು, ಹಿತ್ತಾಳೆದು ಅಂದ."

ಎರಡು ಬೇರೆ ಲೋಹ, ನಡುವೆ ಒದ್ದೆ. ಹೇಳದೆ ಬರಬಹುದಿತ್ತು. ಆ ಮನುಷ್ಯನಿಗೆ ಬೆಳಗಿನ ಹೊತ್ತು ನೋಡಲು ಒಂದು ಅಂಕಿ ಇತ್ತು, ಅದು ಏರುತ್ತಿತ್ತು, ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಈ ಪಕ್ಷಕ್ಕೆ ಒಳ್ಳೊಳ್ಳೆಯ ವಾದಗಳಿವೆ, ಟಾಸ್‌ನಲ್ಲಿ ಆ ಕಡೆ ಬಂದಿದ್ದರೆ ಬಹುಮಾನ ತೆಗೆದುಕೊಳ್ಳುತ್ತಿದ್ದೆ. ನಾನು ಹೇಳಿದೆ, ನಿಂಬೆಹಣ್ಣಿನ ಉದಾಹರಣೆ ಕೊಟ್ಟೇ ಹೇಳಿದೆ.

ಅಂಕಲ್ ಕೇಳಿಸಿಕೊಂಡರು. ಕನ್ನಡಕ ತೆಗೆದು ಹಬೆ ಒರೆಸಿದರು. "ಅಂದ್ರೆ ಇಷ್ಟು ದಿನ ನಾನು ಓದ್ತಿದ್ದಿದ್ದು ನನ್ನ ಕ್ಲಿಪ್ಪನ್ನಾ?"

"ಬಹುಪಾಲು."

"ಬಹುಪಾಲು ಅಂದ್ರೆ?"

"ನೋಡಿದ್ರೆ ತಾನೆ ಗೊತ್ತಾಗೋದು ಅಂಕಲ್."

"ನೋಡು ಹಾಗಾದ್ರೆ."

ನನ್ನ ಬ್ಯಾಗಿನಲ್ಲಿ ಒಂದೇ ಥರದ ಒಂದು ಜೊತೆ ಕ್ಲಿಪ್ಪು ಇದ್ದವು. ಹಾಳೆಯ ಅಂಚಿನಲ್ಲಿ ಕಿಲುಬು ಅಂಟಿದ್ದ ಚೂರನ್ನು ಕತ್ತರಿಸಿ ತೆಗೆದು, ಎರಡೂ ಕ್ಲಿಪ್ಪು ಬದಲಾಯಿಸಿದೆ. ಅಂಕಿ ಇಳಿಯತೊಡಗಿತು. ಅಂಕಲ್ ನನ್ನ ಹಿಂದೆಯೇ ನಿಂತಿದ್ದರು, ನೋಡಲಿಲ್ಲ, ಎದುರಿನ ಟೈಲ್ಸನ್ನು ನೋಡುತ್ತಿದ್ದರು. ಇಳಿಯಿತು, ಇಳಿಯಿತು. ಇದು ಸೊನ್ನೆಗೇ ಹೋಗುತ್ತದೆ, ಮೇಡಂ ಲ್ಯಾಬಿನಲ್ಲಿ ನೋಡಿದ್ದೂ ನಾವು ಪತ್ತೆ ಹಚ್ಚದ ಇನ್ನೊಂದು ತಪ್ಪೇ ಇರಬಹುದು ಎಂದು ನನಗೆ ಅನ್ನಿಸಿತು. ಹಾಗಾದರೆ ಅದನ್ನೂ ಈ ಬಚ್ಚಲಿನ ಬಾಗಿಲಲ್ಲೇ ನಿಂತು ಹೇಳಬೇಕಾಗುತ್ತದೆ.

ಇಳಿಯುವುದು ನಿಧಾನವಾಯಿತು. ಆಮೇಲೆ ನಿಂತಿತು.

"ಸೊನ್ನೆಯಾ?" ಅಂದರು.

"ಅಲ್ಲ."

"ಎಷ್ಟು ಕಮ್ಮಿ ಆಯ್ತು?"

"ಬಹಳ. ಲ್ಯಾಬಲ್ಲಿ ಕೊನೇಗೆ ಎಷ್ಟು ಬರ್ತಿತ್ತೋ ಹೆಚ್ಚುಕಮ್ಮಿ ಅಷ್ಟೇ ಉಳ್ಕೊಂಡಿದೆ."

ಈಗ ಅವರು ಮುಂದೆ ಬಗ್ಗಿ ಮೀಟರ್ ನೋಡಿದರು. "ಇದು ಅವಳದಾ?"

"ಇವತ್ತಿನ ಮಟ್ಟಿಗೆ, ಹೌದು. ಇನ್ನೂ ಕೆಲವು ಪರೀಕ್ಷೆ ಬಾಕಿ ಇದೆ."

"ಇರ್ಲಿ, ಇರ್ಲಿ," ಅಂದರು ಅಂಕಲ್. "ಈಚೆ ಬಂದು ಬಾಗಿಲು ಹಾಕಮ್ಮ. ಹಬೆ ಎಲ್ಲಾ ಹೋಗ್ಬಿಡುತ್ತೆ."